ರೆಸಿಡೆನ್ಸಿ ಇಂಟರ್ವ್ಯೂ ವೈವಾ ಅಲ್ಲ: ಅಮೆರಿಕದ ಮ್ಯಾಚ್‌ಗೆ ತಯಾರಾಗುವವರಿಗೆ ನನ್ನ ಟಿಪ್ಪಣಿ

ನಮ್ಮಲ್ಲಿ ಪಿಜಿ ಸೀಟಿಗೆ ಇಂಟರ್ವ್ಯೂ ಅನ್ನೋದೇ ಇಲ್ಲ. ನೀಟ್ ಪಿಜಿ ಬರೆದೆವು, ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದೆವು, ಮುಗೀತು. ಹಿರಿಯ ಡಾಕ್ಟರ್ ಎದುರಿಗೆ ಕೂತು ಪ್ರಶ್ನೆಗೆ ಉತ್ತರ ಕೊಟ್ಟ ಅನುಭವ ಅಂದರೆ ವೈವಾ (ಮೌಖಿಕ ಪರೀಕ್ಷೆ) ಒಂದೇ. ಅಮೆರಿಕದಲ್ಲಿ ಪಿಜಿ ತರಬೇತಿಗೆ ರೆಸಿಡೆನ್ಸಿ ಅನ್ನುತ್ತಾರೆ; ಅಭ್ಯರ್ಥಿಗಳ ಪಟ್ಟಿಯನ್ನೂ ಆಸ್ಪತ್ರೆಗಳ ತರಬೇತಿ ಪ್ರೋಗ್ರಾಂಗಳ ಪಟ್ಟಿಯನ್ನೂ ಹೊಂದಿಸಿ ಸೀಟು ಕೊಡೋದೇ ಮ್ಯಾಚ್. ಹಾಗಾಗಿ ಆ ರೆಸಿಡೆನ್ಸಿಗೆ ಅರ್ಜಿ ಹಾಕಿ ಝೂಮ್ ಮುಂದೆ ಕೂತ ತಕ್ಷಣ, ನಮಗೇ ಗೊತ್ತಿಲ್ಲದೆ ವೈವಾದ ಧಾಟಿಗೆ ಹೋಗಿಬಿಡುತ್ತೇವೆ. ನಾನೂ ಹೋಗಿದ್ದೆ.

ಮೊದಲ ಮಾಕ್ ಇಂಟರ್ವ್ಯೂ ಮಾಡಿದ್ದು ನಮ್ಮ ಕಾಲೇಜಿನ ಸೀನಿಯರ್ ಅಕ್ಕ. ಈಗ ಅಲ್ಲಿ ಇಂಟರ್ನಲ್ ಮೆಡಿಸಿನ್ ಎರಡನೇ ವರ್ಷ. "ಮರೆಯೋಕೆ ಆಗದ ಒಬ್ಬ ಪೇಷಂಟ್ ಬಗ್ಗೆ ಹೇಳು" ಅಂದರು. ನಾನು ಶುರು ಮಾಡಿದೆ: 45 ವರ್ಷದ ಗಂಡಸು, ಆರ್ಗನೋಫಾಸ್ಫರಸ್ (ಕೀಟನಾಶಕ) ಸೇವನೆ, ಪಿನ್‌ಪಾಯಿಂಟ್ ಪ್ಯೂಪಿಲ್, ಬ್ರ್ಯಾಡಿಕಾರ್ಡಿಯ, ಅಟ್ರೋಪಿನ್ ಕೊಟ್ಟೆವು, ಪ್ರಾಲಿಡಾಕ್ಸಿಮ್ ಕೊಟ್ಟೆವು... ಅರ್ಧಕ್ಕೇ ನಿಲ್ಲಿಸಿದರು. "ಇದು ಕೇಸ್ ಶೀಟ್ ಕಣೋ. ಇದರಲ್ಲಿ ನೀನೆಲ್ಲಿದ್ದೀಯ?"

ಎರಡು ದಿನ ಕೂತು ಅದನ್ನೇ ತಿದ್ದಿದೆ. ಜಿಲ್ಲಾ ಆಸ್ಪತ್ರೆ, ರಾತ್ರಿ ಡ್ಯೂಟಿ, ಹೌಸ್ ಸರ್ಜನ್ ಆಗಿ ಆ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಕೆಲವು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತ್ ಇಟ್ಟು ಗೊರಗೊರ ಸದ್ದು ಕಮ್ಮಿಯಾಯಿತಾ ಅಂತ ಕೇಳೋದು, ಪಲ್ಸ್ ನೋಡೋದು, ಡ್ಯೂಟಿ ಡಾಕ್ಟರ್ ಹೇಳಿದ ಹಾಗೆ ಅಟ್ರೋಪಿನ್ ಏರಿಸೋದು. ಬೆಳಗಿನ ಜಾವ ಆತ ಬೆಡ್‌ಶೀಟ್ ಎಳೆಯುತ್ತಾ ಏನೇನೋ ಬಡಬಡಿಸತೊಡಗಿದ. ಅಟ್ರೋಪಿನ್ ಜಾಸ್ತಿ ಆಗಿತ್ತು. ಎದೆ ಮತ್ತು ಪಲ್ಸ್ ಮೇಲಷ್ಟೇ ಗಮನ ಇಟ್ಟಿದ್ದ ನಾನು ಅದರ ಸುಳಿವು ಕೊಡುವ ಹೊಟ್ಟೆಯ ಸದ್ದು ಕೇಳಿರಲಿಲ್ಲ, ಮೈ ಬಿಸಿ ನೋಡಿರಲಿಲ್ಲ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ, ಡ್ರಿಪ್ ಇಳಿಸಿದೆವು, ಆಮೇಲಿನ ಪೇಷಂಟ್‌ಗಳಿಗೆ ಇಷ್ಟನ್ನೂ ಒಂದು ಚಾರ್ಟ್ ಮಾಡಿ ಬರೆದಿಟ್ಟೆ.

ಇಷ್ಟೇ. ಎರಡು ನಿಮಿಷದೊಳಗೆ ಮುಗಿಯುತ್ತದೆ. "ನೀನು ಮಾಡಿದ ಒಂದು ತಪ್ಪು ಹೇಳು" ಅಂದರೂ ಇದೇ ಕಥೆ ಆಗುತ್ತದೆ, "ಒತ್ತಡದಲ್ಲಿ ಹೇಗೆ ಕೆಲಸ ಮಾಡುತ್ತೀಯ" ಅಂದರೂ ಆಗುತ್ತದೆ. ಒತ್ತು ಕೊಡುವ ಜಾಗ ಬದಲಾಗುತ್ತದೆ, ಅಷ್ಟೆ. ನೂರು ಪ್ರಶ್ನೆಗೆ ನೂರು ಉತ್ತರ ಉರು ಹೊಡೆಯೋದಕ್ಕಿಂತ ಇಂಥ ಐದಾರು ನಿಜ ಘಟನೆಗಳನ್ನು ಹದ ಮಾಡಿಟ್ಟುಕೊಳ್ಳೋದು ಮೇಲು. ಒಂದು ಮಾತು: ನಮ್ಮ ಹಳ್ಳಿ ಮನೆಗಳ ಅಟ್ಟದಲ್ಲಿ ಕೀಟನಾಶಕದ ಬಾಟಲಿ ಇದ್ದೇ ಇರುತ್ತದೆ ಅನ್ನೋದು ಕೇಳುವವರಿಗೆ ಗೊತ್ತಿರೋದಿಲ್ಲ. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಇನ್ನು ಇಂಟರ್ವ್ಯೂಗೆ ಸಿಲಬಸ್ ಅಂದರೆ ಇರಾಸ್‌ನಲ್ಲಿ (ರೆಸಿಡೆನ್ಸಿಯ ಆನ್‌ಲೈನ್ ಅರ್ಜಿ ವ್ಯವಸ್ಥೆ) ನೀವು ಹಾಕಿದ ಅರ್ಜಿಯೇ. ಹತ್ತು ಅನುಭವಗಳವರೆಗೆ ಹಾಕಬಹುದು, ಅದರಲ್ಲಿ ಮೂರನ್ನು ಬಹಳ ಮುಖ್ಯ ಅಂತ ಗುರುತಿಸಬಹುದು. ಸೆಕೆಂಡ್ ಇಯರ್‌ನಲ್ಲಿ ಸುಮ್ನೆ ಹೆಸರು ಸೇರಿಸಿದ ಸಂಶೋಧನಾ ಪೋಸ್ಟರ್ ಇದ್ದರೆ ಅದನ್ನೂ ಕೇಳುತ್ತಾರೆ, ಹಾಗಾಗಿ ಪ್ರಿಂಟ್ ತೆಗೆದು ಸಾಲು ಸಾಲಾಗಿ ಓದಿ. ನೀಟ್ ಪಿಜಿಗೆ ಎರಡು ವರ್ಷ ಓದಿ ಆಮೇಲೆ ಈ ಕಡೆ ಬಂದಿದ್ದರೆ ಅದನ್ನು ಎರಡು ವಾಕ್ಯದಲ್ಲಿ ನೇರ ಹೇಳಿ, ನಿಲ್ಲಿಸಿ. ನಾವು ನಿಲ್ಲಿಸಲ್ಲ, ಅದೇ ಕಷ್ಟ. ವೈವಾದಲ್ಲಿ ಸುಮ್ಮನಾದರೆ ಮಾರ್ಕ್ಸ್ ಹೋಗುತ್ತದೆ ಅನ್ನೋ ಭಯ ಇನ್ನೂ ಇದೆ ನೋಡಿ.

"ನಮ್ಮ ಪ್ರೋಗ್ರಾಂ ಯಾಕೆ?" ಅಂದಾಗ ಅವರ ವೆಬ್‌ಸೈಟನ್ನು ಅವರಿಗೇ ಓದಿ ಹೇಳಬೇಡಿ. ವಾರ್ಡ್ ನಾಲ್ಕು ವಾರ, ಆಮೇಲೆ ಕ್ಲಿನಿಕ್ ಒಂದು ವಾರ, ಈ ಥರದ ವೇಳಾಪಟ್ಟಿ ಇದ್ದರೆ ಅದು ನಿಮಗೆ ಯಾಕೆ ಹೊಂದುತ್ತದೆ ಅಂತ ಹೇಳಿ. ಇಂಟರ್ವ್ಯೂಗೆ ಮುಂಚೆ ರೆಸಿಡೆಂಟ್‌ಗಳ ಜೊತೆ ಹರಟೆ ಇದ್ದರೆ ತಪ್ಪಿಸಬೇಡಿ, ನೈಟ್ ಡ್ಯೂಟಿ ನಿಜಕ್ಕೂ ಹೇಗಿರುತ್ತದೆ ಅಂತ ಅಲ್ಲೇ ಕೇಳಬೇಕು.

ಹೆಸರಿನ ವಿಷಯ. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದ ನಮ್ಮಂಥವರ ಲಾಸ್ಟ್ ನೇಮ್ ಜಾಗದಲ್ಲಿ ಅಪ್ಪನ ಹೆಸರು ಕೂತಿರುತ್ತದೆ. "ಗುಡ್ ಮಾರ್ನಿಂಗ್ ಡಾಕ್ಟರ್" ಅಂತ ಅಪ್ಪನ ಹೆಸರು ಹಿಡಿದು ಕರೆದಾಗ ನಾನು ಒಂದು ಕ್ಷಣ ಹಿಂದೆ ತಿರುಗಿ ನೋಡಿದ್ದೆ! ಹೇಗೆ ಕರೆಯಬೇಕು ಅಂತ ಮೊದಲೇ ನಗುತ್ತಾ ಹೇಳಿಬಿಡಿ.

ಸಮಯದ ಲೆಕ್ಕ ಸರಿಯಾಗಿ ಮಾಡಿ. 2020ರ ಕೋವಿಡ್ ನಂತರ ಬಹುತೇಕ ಇಂಟರ್ವ್ಯೂ ಆನ್‌ಲೈನ್. ನ್ಯೂಯಾರ್ಕ್‌ನ ಬೆಳಿಗ್ಗೆ 8 ಗಂಟೆ ಅಕ್ಟೋಬರ್‌ನಲ್ಲಿ ನಮಗೆ ಸಂಜೆ 5:30, ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ 6:30. ಅಂದರೆ ಸರಿಯಾಗಿ ಮನೆಯಲ್ಲಿ ದೀಪ ಹಚ್ಚಿ ಧಾರಾವಾಹಿ ಹಾಕುವ ಹೊತ್ತು. ಅಜ್ಜಿಗೆ, ಕುಕ್ಕರ್‌ಗೆ, ಕರೆಂಟ್‌ಗೆ ಮೂರಕ್ಕೂ ವ್ಯವಸ್ಥೆ ಬೇಕು. ರೂಟರ್ ಯುಪಿಎಸ್ ಮೇಲಿರಲಿ, ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇರಲಿ.

ಮದುವೆ ಆಗಿದೆಯಾ, ಮಕ್ಕಳ ಯೋಚನೆ ಇದೆಯಾ, ಇನ್ನೆಲ್ಲಿ ಇಂಟರ್ವ್ಯೂ ಬಂದಿದೆ, ನಮ್ಮನ್ನು ಎಷ್ಟನೇ ರ‍್ಯಾಂಕ್‌ನಲ್ಲಿ ಇಡುತ್ತೀರಿ: ಇವನ್ನು ಪ್ರೋಗ್ರಾಂನವರು ಕೇಳಬಾರದು ಅಂತ ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ನಿಯಮದಲ್ಲೇ ಇದೆ. ಆದರೂ ಮಾತಿನ ನಡುವೆ ಬಂದುಬಿಟ್ಟರೆ ಜಗಳ ಬೇಡ. "ನಿಮ್ಮ ಡ್ಯೂಟಿ ವೇಳಾಪಟ್ಟಿಗೆ ನನಗೇನೂ ಅಡ್ಡಿಯಿಲ್ಲ" ಅಂತ ಮಾತು ತಿರುಗಿಸಿದರೆ ಸಾಕು.

ಕೊನೆಗೆ ರ‍್ಯಾಂಕ್ ಲಿಸ್ಟ್, ಅಂದರೆ ನಿಮ್ಮ ಇಷ್ಟದ ಕ್ರಮದಲ್ಲಿ ಪ್ರೋಗ್ರಾಂಗಳ ಪಟ್ಟಿ. "ಅಲ್ಲಿ ಸಿಗಲ್ಲ, ಕೆಳಗೆ ಹಾಕು" ಅಂತ ಬುದ್ಧಿ ಹೇಳುವವರು ಬಹಳ ಜನ. ಕೇಳಬೇಡಿ. ಲೆಕ್ಕ ಶುರುವಾಗೋದು ಅಭ್ಯರ್ಥಿಯ ಪಟ್ಟಿಯಿಂದ. ಮೇಲೆ ಹಾಕಿದ ಕಡೆ ಸಿಗದಿದ್ದರೆ ಮುಂದಿನದರಲ್ಲಿ ನಿಮ್ಮ ಅವಕಾಶ ಕಮ್ಮಿಯಾಗೋದಿಲ್ಲ. 1990ರ ದಶಕದಲ್ಲಿ ಈ ಲೆಕ್ಕವನ್ನು ತಿದ್ದಿ ಕಟ್ಟಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಹಾಗಾಗಿ ಇಲ್ಲಿ ನಮ್ಮ ಜಾಣತನ ಬೇಕಾಗಿಲ್ಲ. ಮಾರ್ಚ್ ಮೂರನೇ ವಾರದ ಸೋಮವಾರ ಮ್ಯಾಚ್ ಆಯಿತೋ ಇಲ್ಲವೋ ಅಷ್ಟು ಮಾತ್ರ ಹೇಳುತ್ತಾರೆ. ಯಾವ ಊರು ಅನ್ನೋದು ಶುಕ್ರವಾರ ಅಲ್ಲಿನ ಮಧ್ಯಾಹ್ನ 12ಕ್ಕೆ. ಅಷ್ಟರಲ್ಲಿ ಅವರ ಗಡಿಯಾರ ಮತ್ತೆ ಮುಂದೆ ಹೋಗಿರುತ್ತದೆ, ನಮಗದು ರಾತ್ರಿ 9:30.