128 ಕೆಬಿಪಿಎಸ್‌ನಲ್ಲಿ ಕಳೆದುಹೋದದ್ದನ್ನು ಕಿವಿಯಿಂದ ಹಿಡಿಯುವುದು ಹೇಗೆ?

ಸಿ.ಡಿ. ಧ್ವನಿಯ ಲೆಕ್ಕ ಸುಲಭ. ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸುಮಾರು 1,411 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಬಿಟ್. ಅದನ್ನೇ 128ರ ಎಂಪಿ3 ಮಾಡಿದರೆ ಉಳಿಯುವುದು ಹನ್ನೊಂದರಲ್ಲಿ ಒಂದು ಪಾಲು. ಆದರೂ ಎರಡೂ ಒಂದೇ ಥರ ಕೇಳಿಸುತ್ತವಲ್ಲ? ಜೋರು ದನಿಯ ಆಸುಪಾಸಿನ ಆವರ್ತನದಲ್ಲಿರುವ ಸಣ್ಣ ದನಿ ಕಿವಿಗೆ ಬೀಳುವುದಿಲ್ಲ. ಇದೇ ಮಾಸ್ಕಿಂಗ್. ಎನ್‌ಕೋಡರ್ (ಎಂಪಿ3 ಮಾಡುವ ತಂತ್ರಾಂಶ) ಕತ್ತರಿ ಹಾಕುವುದು ಅಲ್ಲೇ.

ಆದ್ದರಿಂದ ಇಡೀ ಹಾಡು ಕೇಳುತ್ತಾ ಕೂರಬೇಡಿ, ಪೆಟ್ಟು ಬೀಳುವ ಜಾಗ ಹುಡುಕಿ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಪರೀಕ್ಷೆಗೆಂದೇ ತಂದ ಸಿ.ಡಿ.ಯಲ್ಲಿ ಕ್ಯಾಸ್ಟನೆಟ್ (ಬೆರಳಲ್ಲಿ ಟಕಟಕ ಬಡಿಯುವ ಚಿಕ್ಕ ತಾಳವಾದ್ಯ) ಇರುವುದು ಸುಮ್ಮನೆ ಅಲ್ಲ. ನಮಗಾದರೆ ಖಂಜಿರ, ಘಟ, ಕೈತಾಳ ಸಾಕು. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಫ್ರೇಮುಗಳಲ್ಲಿ ಕಟ್ಟುತ್ತದೆ. ಬಿಟ್ ಕಡಿಮೆಯಾದಾಗ ಹುಟ್ಟುವ ಗದ್ದಲ ಪೆಟ್ಟಿನ ಹಿಂದೂ ಮುಂದೂ ಹರಡುತ್ತದೆ. ಪೆಟ್ಟಿನ ನಂತರದ್ದನ್ನು ಪೆಟ್ಟೇ ಮುಚ್ಚಿಹಾಕುತ್ತದೆ; ಮೊದಲಿನದ್ದಕ್ಕೆ ಅಂಥ ಮರೆ ಕೆಲವೇ ಮಿಲಿಸೆಕೆಂಡಿನಷ್ಟು. ಹಾಗಾಗಿ 'ಟಕ್' ಅನ್ನಬೇಕಾದದ್ದು ಸಣ್ಣಗೆ 'ಫ್ಟಕ್' ಅನ್ನುತ್ತದೆ. ಇದಕ್ಕೆ ಪ್ರೀ-ಎಕೋ ಎಂದು ಹೆಸರು. ಎನ್‌ಕೋಡರ್ ಚಿಕ್ಕ ಬ್ಲಾಕಿಗೆ ಬದಲಾಯಿಸಿಕೊಂಡು ತಪ್ಪಿಸಲು ನೋಡುತ್ತದೆ, ಪೂರ್ತಿ ಆಗುವುದಿಲ್ಲ. ಒಮ್ಮೆ ಹಿಡಿದಿರೋ, ಆಮೇಲೆ ಬೇಡವೆಂದರೂ ಕೇಳಿಸುತ್ತದೆ!

ಚಪ್ಪಾಳೆಯಲ್ಲಿ ಬೇರೆ ಕಥೆ: ನೀರೊಳಗಿಂದ ಬಂದಂತೆ ಕಲಸಿಕೊಳ್ಳುತ್ತದೆ.

ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಒಂದು ಟ್ರ್ಯಾಕನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ) ಇನ್ನೊಂದರ ಜೊತೆ ಕೂಡಿಸಿ 'ವ್ಯತ್ಯಾಸ' ಕೇಳುವವರಿದ್ದಾರೆ. ಎಂಪಿ3 ಶುರುವಿನಲ್ಲಿ ಸಾವಿರಕ್ಕೂ ಹೆಚ್ಚು ಖಾಲಿ ಸ್ಯಾಂಪಲ್ ಸೇರಿರಬಹುದು; ಸರಿಸಿ ಹೊಂದಿಸದಿದ್ದರೆ ಬರುವುದೆಲ್ಲ ಸುಳ್ಳು. ಹೊಂದಿಸಿದರೂ ಅಷ್ಟೆ, ಮರೆ ಮಾಡುತ್ತಿದ್ದ ಸಂಗೀತವನ್ನೇ ತೆಗೆದು ಗದ್ದಲವೊಂದನ್ನೇ ಕೇಳಿದ ಹಾಗೆ. ಗುಣಮಟ್ಟ ಅಳೆಯಲು ನನಗೆ ಈ ದಾರಿ ಒಪ್ಪಿಗೆಯಿಲ್ಲ.

ಎಬಿಎಕ್ಸ್ ಪರೀಕ್ಷೆಯೇ ವಾಸಿ: ಎ ಮೂಲ, ಬಿ ಎಂಪಿ3, ಎಕ್ಸ್ ಅವೆರಡರಲ್ಲಿ ಯಾವುದೋ ಒಂದು; ಯಾವುದೆಂದು ಕೇಳಿಯೇ ಹೇಳಬೇಕು. ಮೂಲ ಫೈಲಿನಿಂದ ನೀವೇ ಎಂಪಿ3 ಮಾಡಿಕೊಳ್ಳಿ. ಬೇರೆ ಕಡೆ ಇಳಿಸಿಕೊಂಡದ್ದು ಬೇರೆ ಮಾಸ್ಟರ್ (ಅದೇ ಹಾಡಿನ ಬೇರೆ ಅಂತಿಮ ಪ್ರತಿ) ಆಗಿರಬಹುದು. ವಾಲ್ಯೂಮ್ ಸಮ ಇರಲಿ, ತುಸು ಜೋರಾಗಿದ್ದದ್ದೇ ಚೆನ್ನ ಅನ್ನಿಸಿಬಿಡುತ್ತದೆ. ಬ್ಲೂಟೂತ್ ಬೇಡ, ಅದು ದಾರಿಯಲ್ಲಿ ಇನ್ನೊಮ್ಮೆ ಹಿಂಡುತ್ತದೆ. ಫೂಬಾರ್2000 ಎಂಬ ಪ್ಲೇಯರಿನ ಎಬಿಎಕ್ಸ್ ಕಾಂಪೊನೆಂಟಿನಲ್ಲಿ ಎರಡು-ಮೂರು ಸೆಕೆಂಡಿನ ತುಣುಕನ್ನು ಲೂಪ್ ಮಾಡಿ, 16 ಸುತ್ತು ಆಡಿ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವ ಶೇ. 4ಕ್ಕಿಂತ ಕಡಿಮೆ. 128ರಲ್ಲಿ ಗೆದ್ದರೆ ಅದೇ ತುಣುಕನ್ನು 192ಕ್ಕೆ ಹಾಕಿ ನೋಡಿ.