ಲೂಪ್ ಒಳಗೆ ಲೂಪ್ ಇದ್ದರೆ ಪ್ರೋಗ್ರಾಂ ನಿಧಾನವಾಗುತ್ತಾ?

ಪ್ರಶ್ನೆ: ಸರ್, ನಮ್ಮ ಪ್ರಾಜೆಕ್ಟ್ ಕಾಫಿ ಕುಯ್ಲಿನ ಲೆಕ್ಕದ್ದು. ಜಾವಾ ಮ್ಯಾಪ್‌ನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಲಿಸ್ಟ್, ಅದರಲ್ಲಿ ದಿನದಿನದ ಕೆಜಿ. ಒಟ್ಟು ಕೂಡಲು ಫಾರ್ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಒಳಗೆ ಇನ್ನೊಂದು ಫಾರ್ ಹಾಕಿದ್ದೇವೆ. ಅದು ಎನ್ ಸ್ಕ್ವೇರ್ (ಎನ್ ಅಂಕಿ ಇದ್ದರೆ ಎನ್ ಗುಣಿಸು ಎನ್ ಸಲ ಕೆಲಸ), ಅದರ ಬದಲು ಸ್ಟ್ರೀಮ್ (ಲೂಪ್ ಬರೆಯದೆ ಅಂಕಿಗಳನ್ನು ಸಾಲಾಗಿ ಹಾಯಿಸುವ ಜಾವಾ ಸೌಲಭ್ಯ) ಬಳಸಿ ಅಂತಾರೆ. ಹೌದಾ?
(ಪೊನ್ನಂಪೇಟೆಯಿಂದ)

ಉತ್ತರ: ಅಲ್ಲ. ಪ್ರಾಜೆಕ್ಟ್ ಸಮಯ ಬಂತೆಂದರೆ ಮಡಿಕೇರಿಯಿಂದಲೂ ಇದೇ ಪ್ರಶ್ನೆ, ಸೋಮವಾರಪೇಟೆಯಿಂದಲೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಬರೆಯುವ ಕ್ರಮ ಸುಲಭ. ಮ್ಯಾಪ್ ಮೇಲೆ ನೇರವಾಗಿ ಫಾರ್ ಓಡುವುದಿಲ್ಲ. ಅದರ ಎಂಟ್ರಿಸೆಟ್ (ಹೆಸರು ಮತ್ತು ಲಿಸ್ಟ್ ಜೋಡಿಗಳ ಗುಂಪು) ತೆಗೆದುಕೊಂಡು ಹೊರಗಿನ ಫಾರ್ ಹಾಕಿ. ಪ್ರತಿ ಎಂಟ್ರಿಯ ಗೆಟ್‌ವ್ಯಾಲ್ಯೂ ಕೊಡುವ ಲಿಸ್ಟ್ ಮೇಲೆ ಒಳಗಿನ ಫಾರ್. ಅಷ್ಟೇ.

ಈಗ ಆ ಎನ್ ಸ್ಕ್ವೇರ್ ಮಾತು. ತೋಟದಲ್ಲಿ 40 ಜನ, ಒಬ್ಬೊಬ್ಬರದು 60 ದಿನದ ಕುಯ್ಲು ಅಂತಿಟ್ಟುಕೊಳ್ಳಿ. ಒಟ್ಟು 2,400 ಅಂಕಿ. ನಿಮ್ಮ ಎರಡು ಫಾರ್ ಸೇರಿ ಒಂದೊಂದು ಅಂಕಿಯನ್ನೂ ಒಂದೇ ಸಲ ಮುಟ್ಟುತ್ತವೆ. ಯಾರಾದರೂ ರಜೆ ಹಾಕಿದ್ದರೆ ಇನ್ನೂ ಕಡಿಮೆ. ತೋಟದ ರೈಟರ್ ಅದೇ ಲೆಕ್ಕವನ್ನು ಒಂದೇ ಉದ್ದ ಪಟ್ಟಿಯಲ್ಲಿ ಬರೆದಿದ್ದರೂ ಒಟ್ಟು ಕೂಡಲು 2,400 ಸಲ ನೋಡಲೇಬೇಕು, ಅಲ್ವಾ? ಎನ್ ಸ್ಕ್ವೇರ್ ಬರುವುದು ಪ್ರತಿ ಅಂಕಿಯನ್ನೂ ಎಲ್ಲ ಅಂಕಿಗಳ ಜೊತೆ ಹೋಲಿಸಿದಾಗ. ಆಗ 2,400ನ್ನು 2,400ರಿಂದ ಗುಣಿಸಬೇಕು: 57,60,000. ಎಷ್ಟು ಫಾರ್ ಇವೆ ಅಂತ ಎಣಿಸಬೇಡಿ. ಒಳಗಿನ ಕೆಲಸ ಒಟ್ಟು ಎಷ್ಟು ಸಲ ನಡೆಯುತ್ತದೆ ಅಂತ ಎಣಿಸಿ.

ಇದೇ ಕಾರಣಕ್ಕೆ ಒಂದೇ ಫಾರ್ ಇರುವ ಕೋಡ್ ಕೂಡ ಎನ್ ಸ್ಕ್ವೇರ್ ಆಗಬಹುದು. ಒಂದು ಅರೇಲಿಸ್ಟ್ (ಜಾವಾದ ಸಾಮಾನ್ಯ ಲಿಸ್ಟ್) ಮೇಲೆ ಫಾರ್ ಹಾಕಿ, ಒಳಗೆ ಅದೇ ಅರೇಲಿಸ್ಟ್‌ನ ಕಂಟೇನ್ಸ್ (ಇದು ಲಿಸ್ಟಿನಲ್ಲಿ ಇದೆಯಾ ಎಂದು ಹೇಳುವುದು) ಕರೆದು ನೋಡಿ. ಕಂಟೇನ್ಸ್ ಪ್ರತಿ ಸಲವೂ ಮೊದಲಿಂದ ಹುಡುಕುತ್ತದೆ. ಅಲ್ಲಿ ಹಾಗೆ ಮೊದಲಿಂದ ಹುಡುಕದೆಯೇ ಇದೆಯಾ ಇಲ್ಲವಾ ಹೇಳುವ ಹ್ಯಾಶ್‌ಸೆಟ್ ಹಾಕಿ, ನಿಜವಾದ ವೇಗ ಸಿಗುತ್ತದೆ. ಇನ್ನು 2014ರ ಜಾವಾ 8ರಲ್ಲಿ ಬಂದ ಸ್ಟ್ರೀಮ್. ಎಲ್ಲ ಲಿಸ್ಟ್ ಸೇರಿಸಿ ಒಂದೇ ಸಾಲು ಮಾಡುವ ಫ್ಲ್ಯಾಟ್‌ಮ್ಯಾಪ್ ಬರೆದರೂ ಅದೇ 2,400 ಅಂಕಿ ಹಾಯಬೇಕು. ಓದಲು ಚೆನ್ನ ಅನಿಸಿದರೆ ಬಳಸಿ, ವೇಗಕ್ಕೆ ಅಂತ ಸುಮ್ನೆ ಬದಲಾಯಿಸಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದಿನ ವಾರ ಸೊನ್ನೆ ಕೆಜಿ ಇರುವ ದಿನಗಳನ್ನು ಅಳಿಸಲು ಹೊರಡುತ್ತೀರಿ. ಒಳಗಿನ ಫಾರ್ ನಡೆಯುತ್ತಿರುವಾಗಲೇ ಲಿಸ್ಟ್‌ನಿಂದ ರಿಮೂವ್ ಮಾಡಿದರೆ ಸಾಮಾನ್ಯವಾಗಿ ಕಾನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ (ಲೂಪ್ ನಡೆಯುತ್ತಿರುವಾಗಲೇ ಲಿಸ್ಟ್ ಬದಲಾಯಿತು ಎಂಬ ದೋಷ) ಬರುತ್ತದೆ. ಅದು ಬಂದರೆ ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಅರೇಲಿಸ್ಟ್‌ನಲ್ಲಿ ಕೊನೆಯಿಂದ ಎರಡನೆಯದನ್ನು ಅಳಿಸಿದರೆ ಮಾತ್ರ ಎಕ್ಸೆಪ್ಶನ್ ಬರುವುದೇ ಇಲ್ಲ. ಲಿಸ್ಟ್ ಒಂದು ಕಡಿಮೆಯಾದ್ದರಿಂದ ಎಲ್ಲ ಮುಗಿಯಿತು ಎಂದು ಫಾರ್ ನಿಂತುಬಿಡುತ್ತದೆ. ಕೊನೆಯ ದಿನವನ್ನು ಅದು ನೋಡಿರುವುದಿಲ್ಲ. ಆ ದಿನವೂ ಸೊನ್ನೆಯಿದ್ದರೆ ಹಾಗೇ ಉಳಿಯಿತು. ಹಾಗಾಗಿ ಒಳಗಿನ ಫಾರ್ ತೆಗೆದುಹಾಕಿ, ಪ್ರತಿ ಲಿಸ್ಟ್‌ಗೂ ರಿಮೂವ್‌ಇಫ್ (ಕೊಟ್ಟ ಷರತ್ತಿಗೆ ಹೊಂದುವುದನ್ನೆಲ್ಲ ಅಳಿಸುವುದು) ಕರೆಯಿರಿ. ಅದೂ ಜಾವಾ 8ರಿಂದಲೇ ಇದೆ.