ಮಾವನ ಹಳೇ ನೈಲಾನ್ ಹೋಲ್‌ಸ್ಟರ್ ಮಳೆಗಾಲದ ಟ್ರೆಕ್ಕಿಗೆ ಆಗುತ್ತಾ?

ಪ್ರಶ್ನೆ: ನಾನು ಪುಣೆಯ ಪಿಂಪ್ರಿಯಲ್ಲಿದ್ದೇನೆ. ಬೆಳಗಾವಿಯ ನಮ್ಮ ಸೋದರಮಾವ ಮಿಲಿಟರಿಯಲ್ಲಿದ್ದವರು. ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗಿದ್ದಾಗ ವಿದೇಶಿ ಗೆಳೆಯರೊಬ್ಬರು ಅವರಿಗೆ ಹಸಿರು ನೈಲಾನ್ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ, ಕೊಟ್ಟಿದ್ದರಂತೆ. ಈಗ ಅದು ನನ್ನ ಕೈಗೆ ಬಂದಿದೆ. ಮುಚ್ಚಳದ ಮೇಲೆ ‘ಯುಎಸ್’ ಅಂತಿದೆ. ನನ್ನ ಹತ್ತಿರ ಪಿಸ್ತೂಲಿಲ್ಲ. ಟಾರ್ಚು, ಚಿಕ್ಕ ಜಿಪಿಎಸ್ ಇಟ್ಟುಕೊಂಡು ರಾಜಗಡ, ಹರಿಶ್ಚಂದ್ರಗಡದಂಥ ಬೆಟ್ಟದ ಕೋಟೆಗಳಿಗೆ ಹೋಗಬಹುದಾ? ನೈಲಾನ್ ಅಂದಮೇಲೆ ವಾಟರ್‌ಪ್ರೂಫ್ ಅಲ್ವಾ?

ಉತ್ತರ: ಧಾರಾಳವಾಗಿ ಒಯ್ಯಿರಿ. ಆದರೆ ವಾಟರ್‌ಪ್ರೂಫ್ ಅಂತ ನಂಬಿ ಒಯ್ಯಬೇಡಿ.

ನೈಲಾನ್ ದಾರ ನೀರು ಕುಡಿಯುವುದು ಹತ್ತಿಗಿಂತ ಕಡಿಮೆ, ನಿಜ. ಆದರೆ ಬಟ್ಟೆ ಅಂದಮೇಲೆ ನೇಯ್ಗೆಯಲ್ಲಿ ಸಂದುಗಳಿರುತ್ತವೆ. ನೀರು ಅಲ್ಲಿಂದ ಒಳಗೆ ಬರುತ್ತದೆ. ಹೊಲಿಗೆಯ ತೂತುಗಳಿಂದಲೂ ಬರುತ್ತದೆ. ಅದನ್ನು ತಡೆಯುವುದು ಬಟ್ಟೆಯ ಹಿಂಬದಿಗೆ ಬಳಿದಿರುವ ತೆಳುವಾದ ಲೇಪ. ಹಳೇ ಮಾಲಿನಲ್ಲಿ ಮೊದಲು ಸಾಯುವುದೇ ಈ ಲೇಪ.

ನಿಮ್ಮ ವಿವರಣೆ ನೋಡಿದರೆ ಅದು ಬಿಯಾಂಕಿ ಕಂಪನಿಯ ಎಂ12 ಇರಬೇಕು. 1985ರಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಎಂ9 ಪಿಸ್ತೂಲನ್ನು ಆರಿಸಿಕೊಂಡಾಗ ಜೊತೆಗೆ ಬಂದ ಹೋಲ್‌ಸ್ಟರ್ ಅದು. ಅದಕ್ಕೂ ಮುಂಚೆ ಇದ್ದದ್ದು 1916ರ ಮಾದರಿಯ ಚರ್ಮದ್ದು. ಚರ್ಮ ನೋಡಲು ಚಂದ. ಆದರೆ ಒದ್ದೆಯಾದರೆ ಒಣಗುವುದು ನಿಧಾನ, ಬೇಗ ಬೂಷ್ಟು ಹಿಡಿಯುತ್ತದೆ. ಪುಣೆಯಲ್ಲಿ ಜುಲೈ ತಿಂಗಳು ಕಪಾಟಿನಲ್ಲಿಟ್ಟ ಬೆಲ್ಟಿನ ಗತಿ ಏನಾಗುತ್ತದೆ ಅಂತ ನಿಮಗೂ ಗೊತ್ತಲ್ಲ. ಎಂ12ರಲ್ಲಿ ಎರಡು ಪದರ ನೈಲಾನ್, ನಡುವೆ ಫೋಮ್. ಈ ಫೋಮಿನ ಗುಳ್ಳೆಗಳು ಒಂದೊಂದೂ ಮುಚ್ಚಿರುತ್ತವೆ, ಹಾಗಾಗಿ ಸ್ಪಂಜಿನ ಹಾಗೆ ನೀರು ಹೀರುವುದಿಲ್ಲ. ಬಿದ್ದರೂ ಒಳಗಿನ ವಸ್ತುವಿಗೆ ಪೆಟ್ಟು ಕಡಿಮೆ. ಎಡಗೈಯವರಿಗೂ ಬಲಗೈಯವರಿಗೂ ಆಗುವಂತೆ ಅದನ್ನು ಬದಲಿಸಿ ಹಾಕಿಕೊಳ್ಳಬಹುದು. ಬಹಳ ಯೋಚಿಸಿ ಮಾಡಿದ ವಸ್ತು ಅದು, ನನಗಂತೂ ತುಂಬಾ ಇಷ್ಟ.

ಈಗ ನಿಮ್ಮ ಕೈಯಲ್ಲಿರುವುದನ್ನು ಬೆಳಕಿಗೆ ಹಿಡಿಯಿರಿ. ಮುಚ್ಚಳ ಎತ್ತಿ, ಒಳಬದಿಗೆ ಬೆರಳು ಸವರಿ. ಬೆರಳಿಗೆ ಅಂಟಂಟು ಹತ್ತಿದರೆ, ಅಥವಾ ಬಿಳಿ ಸಿಪ್ಪೆಯ ಹಾಗೆ ಉದುರಿದರೆ, ಹುಳಿ ವಾಸನೆ ಬಂದರೆ, ಲೇಪ ಹೋಯಿತು ಅಂತಲೇ ಅರ್ಥ. ಗಾಳಿಯ ತೇವವೇ ವರ್ಷಗಟ್ಟಲೆ ಕೂತು ಅದನ್ನು ಮುರಿದಿರುತ್ತದೆ. ಟ್ರಂಕಿನಲ್ಲಿ ಮುಟ್ಟದೇ ಇಟ್ಟಿದ್ದರೂ ಅಷ್ಟೇ. ಆಮೇಲೆ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಫೋಮ್ ಪುಟಿದೆದ್ದರೆ ಒಳ್ಳೆಯದು. ತಗ್ಗು ಹಾಗೇ ನಿಂತರೆ, ಒಳಗೆ ಪುಡಿ ಆಡಿದ ಹಾಗೆ ಅನಿಸಿದರೆ, ಅದನ್ನು ಮಾವನ ನೆನಪಿಗೆ ಇಟ್ಟುಕೊಳ್ಳಿ, ಬೆಟ್ಟಕ್ಕೆ ಬೇಡ. ಪುಣೆಯ ಹಳೇ ಸಾಮಾನಿನ ಸಂತೆ, ಭಾನುವಾರದ ಜೂನಾ ಬಜಾರಿನಲ್ಲಿ ಇಂಥ ಚೀಲ ಕಂಡರೆ ನಾನು ಬೆಲೆ ಕೇಳುವ ಮುಂಚೆ ಈ ಎರಡು ಕೆಲಸ ಮಾಡುತ್ತೇನೆ.

ಎಲ್ಲ ಚೆನ್ನಾಗಿದ್ದರೂ ಒಂದು ವಿಷಯ ಮರೆಯಬೇಡಿ. ಮುಚ್ಚಳ ಮಳೆಯನ್ನು ಹೊರಗಿಡುತ್ತದೆ, ಒಳಗೆ ಸೇರಿದ ತೇವವನ್ನು ಒಳಗೇ ಹಿಡಿದಿಡುತ್ತದೆ. ಒಂದು ಸಲ ತೋರಣಾ ಕೋಟೆ ಹತ್ತಿ ಇಳಿದು ಬಂದವನು ಸುಸ್ತಾಗಿ ಇಂಥದೇ ಚೀಲವನ್ನು ಟಾರ್ಚಿನ ಸಮೇತ ಮೊಳೆಗೆ ತೂಗುಹಾಕಿ ಮಲಗಿಬಿಟ್ಟೆ. ಮುಂದಿನ ಶನಿವಾರ ತೆಗೆದರೆ ಸ್ಪ್ರಿಂಗಿಗೆ ತುಕ್ಕು, ಸೆಲ್ಲಿನ ತುದಿಯಲ್ಲಿ ಬಿಳಿ ಪುಡಿ. ಟಾರ್ಚು ಹೊತ್ತಲೇ ಇಲ್ಲ. ಹೊರಗಿನ ನೈಲಾನ್ ಮಾತ್ರ ಗರಿಗರಿಯಾಗಿ ಒಣಗಿತ್ತು! ಆವತ್ತಿನಿಂದ ಟಾರ್ಚು, ಜಿಪಿಎಸ್ ಎರಡನ್ನೂ ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಚೀಲಕ್ಕೆ ಇಳಿಸುತ್ತೇನೆ. ಮನೆಗೆ ಬಂದ ತಕ್ಷಣ ಖಾಲಿ ಮಾಡಿ, ಮುಚ್ಚಳ ತೆರೆದೇ ಇಡುತ್ತೇನೆ. ಲೈಸೆನ್ಸ್ ಇರುವ ಪಿಸ್ತೂಲಿನವರಿಗೂ ಇದೇ ಮಾತು. ಹೋಲ್‌ಸ್ಟರ್ ಇರುವುದು ಹೊತ್ತುಕೊಳ್ಳಲು. ತಿಂಗಳುಗಟ್ಟಲೆ ಅದರಲ್ಲೇ ಇಟ್ಟರೆ ಕಬ್ಬಿಣಕ್ಕೆ ತುಕ್ಕು ಗ್ಯಾರಂಟಿ.

ಸೊಂಟಕ್ಕೆ ಕಟ್ಟುವ ವಿಚಾರದಲ್ಲಿ ಎರಡು ತೊಂದರೆಗಳಿವೆ. ಅಮೆರಿಕದ ಸೇನೆಯ ಬೆಲ್ಟು ಎರಡೂಕಾಲು ಇಂಚು ಅಗಲ. ಹಿಂದಿನ ಕೊಕ್ಕೆ ಅದರ ಅಳತೆಯದ್ದು. ನಮ್ಮ ಪ್ಯಾಂಟಿನ ಒಂದೂವರೆ ಇಂಚಿನ ಬೆಲ್ಟಿನಲ್ಲಿ ಅದು ಬೆಟ್ಟ ಹತ್ತುವಾಗ ತೊಡೆಗೆ ಬಡಿಯುತ್ತಲೇ ಇರುತ್ತದೆ. ಎರಡನೆಯದು ಇನ್ನೂ ಮುಖ್ಯ. ಒಳಗೆ ಟಾರ್ಚಿದ್ದರೂ ಹೊರಗಿನಿಂದ ಕಾಣುವುದು ಪಿಸ್ತೂಲಿನ ಚೀಲವೇ. ಬಸ್ಸಿನಲ್ಲಿ ಪಕ್ಕ ಕೂತವರು ಹೆದರುತ್ತಾರೆ, ಪೊಲೀಸರು ನಿಲ್ಲಿಸಿ ಕೇಳುತ್ತಾರೆ. ಕೇಳುವುದು ಸರಿಯೇ. ಹಾಗಾಗಿ ಬ್ಯಾಗಿನ ಒಳಗೋ, ಎದೆಯ ಪಟ್ಟಿಗೋ ಸಿಕ್ಕಿಸಿ, ಮೇಲೆ ರೇನ್‌ಕೋಟ್ ಹಾಕಿಕೊಳ್ಳಿ.

ಇನ್ನೊಂದು ಮಾತು. ಹರಿಶ್ಚಂದ್ರಗಡ ಇರುವುದು ಅಭಯಾರಣ್ಯದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಇಲ್ಲದೆ ಅಲ್ಲಿಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯಲ್ಲಿ ಆಯುಧ ಅಂದರೆ ಬಂದೂಕು ಮಾತ್ರವಲ್ಲ, ಚಾಕುವೂ ಸೇರುತ್ತದೆ. ಚೀಲ ಖಾಲಿ ಇದೆಯಲ್ಲ ಅಂತ ದೊಡ್ಡ ಚಾಕು ತುರುಕಿಕೊಂಡು ಹೊರಡಬೇಡಿ.

ಪ್ರೆಸ್ ಬಟನ್ ಹಸಿರು ಕಿಲುಬು ಹಿಡಿದಿದ್ದರೆ ನೆನೆಸಿದ ಹುಣಸೆಹಣ್ಣಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ, ಒಂದು ಚೂರು ವ್ಯಾಸಲೀನ್ ಸವರಿ. ಬಟನ್ ಬಿಚ್ಚದಿದ್ದರೆ ಬಲ ಹಾಕಬೇಡಿ, ಕೆಲವು ಒಂದೇ ಬದಿಯಿಂದ ಎತ್ತಿದರೆ ಮಾತ್ರ ಬಿಚ್ಚುತ್ತವೆ. ಹೊಲಿಗೆ ಬಿಟ್ಟಿದ್ದರೆ ಮೂಲೆಯ ಚಪ್ಪಲಿ ಹೊಲಿಯುವವರ ಹತ್ತಿರ ನೈಲಾನ್ ದಾರದಲ್ಲೇ ಹೊಲಿಸಿ, ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ. ಒಲೆ, ಬೆಂಕಿಯಿಂದ ದೂರವಿಡಿ, ಒಂದು ಕಿಡಿ ಸಾಕು ತೂತು ಬೀಳಲು.

ವಾಷಿಂಗ್ ಮಷೀನಿಗೆ ಮಾತ್ರ ಹಾಕಬೇಡಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ನೈಲಾನ್ ಸವೆಯುತ್ತದೆ. ತೊಳೆಯುವ ಮುಂಚೆ ಮುಚ್ಚಳದ ಒಳಬದಿಯನ್ನೊಮ್ಮೆ ನೋಡಿ. ಮಿಲಿಟರಿಯವರು ತಮ್ಮ ಸಾಮಾನಿನ ಮೇಲೆ ಹೆಸರು, ನಂಬರು ಬರೆದಿಡುವುದುಂಟು. ಮಾವನ ಕೈಬರಹ ಸಿಕ್ಕರೆ ಆ ಜಾಗಕ್ಕೆ ಬ್ರಷ್ ತಾಗಿಸಬೇಡಿ.